ಗದ್ದೆ ಕೆಸರಿನ ಚಿಕ್ಕ ಚಿಪ್ಪುಗಳು: ಐದು ಜಾತಿಯೋ, ಒಂದೇ ಜಾತಿಯ ಐದು ವಯಸ್ಸೋ?

ಬೇಲೂರು ಗದ್ದೆ

ಎಲ್ಲರಿಗೂ ನಮಸ್ಕಾರ. ನಾನು ಬೇಲೂರು ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಹೋದ ವಾರ ನಾಟಿ ಆದ ಗದ್ದೆಯಿಂದ ಮಕ್ಕಳು ಒಂದು ಬಕೆಟ್ ಕೆಸರುನೀರು ತಂದಿದ್ದರು. ಟೀ ಸೋಸುವ ಜರಡಿಯಲ್ಲಿ ತೊಳೆದು, ಉಳಿದದ್ದನ್ನು ಕಪ್ಪು ಸ್ಲೇಟಿನ ಮೇಲೆ ಹರಡಿದೆವು. ಎಳ್ಳಿಗಿಂತ ಚಿಕ್ಕದಾದ, ಹೆಸರುಕಾಳಿನ ಆಕಾರದ ಚಿಪ್ಪುಗಳು ರಾಶಿ ರಾಶಿ ಸಿಕ್ಕವು. ಕೆಲವು ಜೀವಂತ ಇದ್ದವು, ನೀರಿಗೆ ಬಿಟ್ಟ ಕೂಡಲೇ ಚಿಪ್ಪನ್ನು ಸ್ವಲ್ಪ ತೆರೆದು ಕಾಲು ಹೊರಗೆ ಹಾಕಿ ಗಿರಗಿರ ಓಡಿದವು.

ಇವು ಆಸ್ಟ್ರಕೋಡ್ ಅಂತ ಗೊತ್ತಾಯಿತು. ಏಡಿ, ಸಿಗಡಿಗಳ ಬಳಗ, ಆದರೆ ಕಪ್ಪೆಚಿಪ್ಪಿನ ಹಾಗೆ ಎರಡು ಹೋಳಿನ ಚಿಪ್ಪು. ನನ್ನ ಪ್ರಶ್ನೆ ಇಷ್ಟು. ಗಾತ್ರದಲ್ಲಿ ಐದು ಗುಂಪು ಸ್ಪಷ್ಟವಾಗಿ ಬೇರೆ ಕಾಣುತ್ತಿವೆ. ನಡುವಿನ ಗಾತ್ರದವು ಇಲ್ಲವೇ ಇಲ್ಲ ಅನ್ನಬಹುದು. ಆಕಾರವೂ ಬೇರೆ. ದೊಡ್ಡವು ಹಿಂದೆ ಮುಂದೆ ಎರಡೂ ಕಡೆ ದುಂಡಗಿವೆ, ಚಿಕ್ಕವು ಮುಂದೆ ಅಗಲವಾಗಿ ಹಿಂದೆ ಚೂಪಾಗಿವೆ. ಹಾಗಾದರೆ ಐದು ಜಾತಿ ಅಂತ ಮಕ್ಕಳ ಕೈಲಿ ಬರೆಸಬಹುದಾ?

ಹಳೇ ಜರಡಿ

ಮೇಡಂ, ದಯವಿಟ್ಟು ಇನ್ನೂ ಬರೆಸಬೇಡಿ. ನಾನು ಹಾಸನದವನು, ಭೂವಿಜ್ಞಾನದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಕೊಳವೆ ಕೊರೆದು ತೆಗೆದ ಮಣ್ಣಿನಿಂದ ಇವೇ ಚಿಪ್ಪುಗಳನ್ನು ಆರಿಸುವುದರಲ್ಲಿ ವರ್ಷಗಟ್ಟಲೆ ಕೂತಿದ್ದೇನೆ. ನಡುವಿನ ಗಾತ್ರ ಇಲ್ಲ ಅಂದಿರಲ್ಲ, ಅದೇ ದೊಡ್ಡ ಸುಳಿವು.

ಬಸವನಹುಳು, ಕಪ್ಪೆಚಿಪ್ಪು ಇವೆಲ್ಲ ಇರುವ ಚಿಪ್ಪಿಗೇ ಅಂಚಿನಲ್ಲಿ ಸುಣ್ಣ ಸೇರಿಸುತ್ತಾ ಹೋಗುತ್ತವೆ. ಆಸ್ಟ್ರಕೋಡ್ ಹಾಗಲ್ಲ. ಅದು ಹಾವು ಪೊರೆ ಬಿಟ್ಟ ಹಾಗೆ ಇಡೀ ಚಿಪ್ಪನ್ನು ಕಳಚಿ ಬಿಸಾಕಿ ಹೊಸದನ್ನು ಕಟ್ಟಿಕೊಳ್ಳುತ್ತದೆ. ಹಾಗಾಗಿ ಬೆಳವಣಿಗೆ ಮೆಟ್ಟಿಲು ಹತ್ತಿದ ಹಾಗೆ, ಇಳಿಜಾರು ಹತ್ತಿದ ಹಾಗಲ್ಲ. ಸಿಹಿನೀರಿನವಕ್ಕೆ ಸಾಮಾನ್ಯವಾಗಿ ಮರಿಯ ಹಂತ ಎಂಟು, ಒಂಬತ್ತನೆಯದು ಬೆಳೆದದ್ದು. ಒಮ್ಮೆ ಬೆಳೆದ ಮೇಲೆ ಮತ್ತೆ ಪೊರೆ ಬಿಡುವುದಿಲ್ಲ. ಕೊನೆಯ ಚಿಪ್ಪೇ ಸಾಯುವವರೆಗೆ.

ಚಿಕ್ಕವು ಹಿಂದೆ ಚೂಪಾಗಿರುವುದಕ್ಕೂ ಕಾರಣ ಇದೆ. ಮೊಟ್ಟೆಯಿಂದ ಹೊರಬಂದಾಗ ಅದಕ್ಕೆ ಮೂರೇ ಜೊತೆ ಅಂಗ. ಆಗಲೇ ಎರಡು ಹೋಳಿನ ಚಿಪ್ಪು ಇರುತ್ತದೆ, ಆದರೆ ಹಿಂಭಾಗದಲ್ಲಿ ತುಂಬುವುದಕ್ಕೆ ಏನೂ ಇಲ್ಲ. ಒಂದೊಂದು ಪೊರೆ ಬಿಟ್ಟಾಗಲೂ ಹಿಂದಿನ ಕಾಲುಗಳು ಬರುತ್ತಾ ಹೋಗುತ್ತವೆ, ಚಿಪ್ಪೂ ಹಿಂದೆ ಅಗಲವಾಗುತ್ತಾ ಹೋಗುತ್ತದೆ. ಕೊನೆಯ ಪೊರೆಯ ಹೊತ್ತಿಗೆ ಗಂಡು ಹೆಣ್ಣಿನ ವ್ಯತ್ಯಾಸ ಸೇರಿಕೊಳ್ಳುತ್ತದೆ. ಆಕಾರ ಬೇರೆ ಅಂದ ಮಾತ್ರಕ್ಕೆ ಜಾತಿ ಬೇರೆ ಆಗುವುದಿಲ್ಲ.

ಒಂದು ಕೆಲಸ ಮಾಡಿ. ಐದೂ ಗುಂಪಿನ ಉದ್ದ ಅಳೆದು ಇಲ್ಲಿ ಹಾಕಿ.

ಸಕಲೇಶಪುರ ತೋಟ

ನಮ್ಮ ತೋಟದ ತೊಟ್ಟಿಯಲ್ಲೂ ಇವು ಇವೆ. ಮಳೆಗಾಲದಲ್ಲಿ ಜಾಸ್ತಿ. ಆದರೆ ನಮ್ಮಲ್ಲಿ ಸಿಗುವವು ಪೇಪರ್ ಅವಲಕ್ಕಿಯ ಹಾಗೆ ತೆಳ್ಳಗೆ, ಒಳಗಿನ ಹಸಿರು ಕರುಳು ಕೂಡ ಕಾಣುತ್ತದೆ. ಅರಸೀಕೆರೆಯಲ್ಲಿ ನಮ್ಮ ಭಾವನ ಮನೆ ಬಾವಿಯದ್ದು ನೋಡಿದರೆ ಬಿಳಿ ಬಿಳಿ, ಉಗುರಲ್ಲಿ ಒತ್ತಿದರೆ ಟಕ್ ಅನ್ನುತ್ತೆ. ನೀರಿನ ಗಡಸುತನಕ್ಕೂ ಇದಕ್ಕೂ ಸಂಬಂಧ ಇದೆಯಾ ಸರ್?

ಹಳೇ ಜರಡಿ

ಸಂಬಂಧ ಇದೆ, ಆದರೆ ಅವಸರ ಬೇಡ. ಮೊದಲು ಚಿಪ್ಪು ಯಾವುದರಿಂದ ಆಗಿದೆ ಅಂತ ಹೇಳಿಬಿಡುತ್ತೇನೆ.

ಚಿಪ್ಪು ಅಂದರೆ ಅದರ ಮೈಚರ್ಮದ್ದೇ ಒಂದು ಮಡಿಕೆ. ಹೊರಗಡೆ ಒಂದು ಪದರ, ಒಳಗಡೆ ಒಂದು ಪದರ, ನಡುವೆ ಜೀವಂತ ಅಂಗಾಂಶ. ಸುಣ್ಣ ಕೂರುವುದು ಹೊರಪದರದಲ್ಲಿ. ಅಲ್ಲೂ ಬರೀ ಸುಣ್ಣ ಅಲ್ಲ. ಕೈಟಿನ್ (ಹುಳುಗಳ ಹೊರಮೈಯಲ್ಲಿ ಇರುವ ಗಟ್ಟಿ ವಸ್ತು) ಮತ್ತು ಪ್ರೋಟೀನಿನ ಬಲೆ ಮೊದಲು, ಅದರ ಸಂದಿಯಲ್ಲಿ ಕ್ಯಾಲ್ಸೈಟ್ ಅನ್ನುವ ಸುಣ್ಣದ ಹರಳು. ಎಲ್ಲಕ್ಕಿಂತ ಮೇಲೆ ಸುಣ್ಣವಿಲ್ಲದ ಒಂದು ತೆಳುಪೊರೆ. ಚಿಪ್ಪಿನ ಉದ್ದಗಲಕ್ಕೂ ಸಣ್ಣ ತೂತುಗಳಿವೆ, ಒಂದೊಂದರಿಂದ ಒಂದೊಂದು ಕೂದಲು ಹೊರಗೆ ಚಾಚಿರುತ್ತದೆ. ಚಿಪ್ಪು ಮುಚ್ಚಿಕೊಂಡಿದ್ದರೂ ಹೊರಗೆ ಏನಾಗುತ್ತಿದೆ ಅಂತ ಅದಕ್ಕೆ ಗೊತ್ತಾಗುವುದು ಈ ಕೂದಲುಗಳಿಂದ. ಹಂತ ಏರಿದ ಹಾಗೆ ಈ ತೂತುಗಳ ಸಂಖ್ಯೆಯೂ ಏರುತ್ತದೆ.

ಒಳಪದರ ಬಹುಪಾಲು ಮೆತ್ತಗೇ ಇರುತ್ತದೆ. ಆದರೆ ಅಂಚಿನ ಹತ್ತಿರ ಒಂದು ಪಟ್ಟಿ ಮಾತ್ರ ಸುಣ್ಣಗಟ್ಟುತ್ತದೆ. ಸೀರೆಗೆ ಒಳಗಡೆಯಿಂದ ಫಾಲ್ ಹೊಲಿದಿರುತ್ತಾರಲ್ಲ, ಹಾಗೆ. ಮರಿಗಳಲ್ಲಿ ಈ ಪಟ್ಟಿ ಇದೆಯೋ ಇಲ್ಲವೋ ಅನ್ನುವಷ್ಟು ಸಣ್ಣ. ಬೆಳೆದದ್ದರಲ್ಲಿ ಅಗಲ. ಖಾಲಿ ಹೋಳನ್ನು ಬೋರಲು ಬೀಳದಂತೆ ಅಂಗಾತ ಇಟ್ಟು ಒಳಗಿನಿಂದ ನೋಡಿದರೆ ಮರಿಯೋ ಬೆಳೆದದ್ದೋ ಅಂತ ಹೇಳುವುದಕ್ಕೆ ನನಗೆ ಇದಕ್ಕಿಂತ ಭರವಸೆಯ ಗುರುತು ಬೇರೆ ಇಲ್ಲ. ಹೋಳಿನ ನಡುವೆ ನಾಲ್ಕೈದು ಚುಕ್ಕೆಯ ಗೊಂಚಲು ಕಂಡರೆ ಅದು ಎರಡು ಹೋಳನ್ನು ಎಳೆದು ಮುಚ್ಚುವ ಸ್ನಾಯು ಅಂಟಿಕೊಂಡಿದ್ದ ಜಾಗ.

ಈಗ ತೋಟದವರ ಪ್ರಶ್ನೆಗೆ. ಪೊರೆ ಬಿಟ್ಟಾಗ ಹೊಸ ಚಿಪ್ಪಿಗೆ ಬೇಕಾದ ಕ್ಯಾಲ್ಸಿಯಂ ಹಳೇ ಚಿಪ್ಪಿನಿಂದ ಬರುವುದಿಲ್ಲ. ಹಳೆಯದನ್ನು ಹಾಗೇ ಬಿಟ್ಟು, ಸುತ್ತ ಇರುವ ನೀರಿನಿಂದಲೇ ಎಳೆದುಕೊಳ್ಳುತ್ತದೆ. ಅದೂ ಕೆಲವು ಗಂಟೆಗಳಿಂದ ಕೆಲವು ದಿನಗಳೊಳಗೆ ಮುಗಿಯಬೇಕು. ಹಾಗಾಗಿ ನೀರಲ್ಲಿ ಕ್ಯಾಲ್ಸಿಯಂ ಕಮ್ಮಿ ಇದ್ದರೆ, ನೀರು ಹುಳಿ ಇದ್ದರೆ, ಚಿಪ್ಪು ತೆಳುವಾಗಿ ಉಳಿಯಬಹುದು. ಆದರೆ ನೀವು ನೋಡಿದ್ದು ನಿನ್ನೆಯೇ ಪೊರೆ ಬಿಟ್ಟದ್ದಿರಬಹುದು, ಮರಿ ಇರಬಹುದು, ಇಲ್ಲ ಜಾತಿಯೇ ಬೇರೆ ಇರಬಹುದು. ಕೆಲವು ಜಾತಿಗಳ ಚಿಪ್ಪು ಎಲ್ಲಿದ್ದರೂ ತೆಳುವೇ. ಒಂದೇ ಜಾತಿಯ, ಒಂದೇ ಹಂತದ ಎರಡನ್ನು ಪಕ್ಕಪಕ್ಕ ಇಟ್ಟರೆ ಮಾತ್ರ ನೀರಿನ ಮಾತು ಆಡಬಹುದು.

ಚಿಕ್ಕಮಗಳೂರು ಎಂಎಸ್ಸಿ

ಸರ್ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ನೀರುಚಿಗಟಗಳಲ್ಲಿ, ಅಂದರೆ ಏಡಿ ಸಿಗಡಿಗಳ ಬಳಗದ್ದೇ ಆದ ಚಿಕ್ಕ ಡ್ಯಾಫ್ನಿಯಾದಲ್ಲಿ, ಇದನ್ನು ತುಂಬಾ ಚೆನ್ನಾಗಿ ನೋಡಿದ್ದಾರೆ. ಕೆನಡಾದ ಕೆರೆಗಳಲ್ಲಿ ಆಸಿಡ್ ಮಳೆ ಮತ್ತು ಮರ ಕಡಿದದ್ದರಿಂದ ಸುತ್ತಲಿನ ಮಣ್ಣಿನ ಕ್ಯಾಲ್ಸಿಯಂ ಬರಿದಾಗಿ, ನೀರಿನಲ್ಲೂ ಇಳಿದು, ಲೀಟರಿಗೆ 1.5 ಮಿಲಿಗ್ರಾಂಗಿಂತ ಕಮ್ಮಿ ಆದ ಕಡೆ ಡ್ಯಾಫ್ನಿಯಾ ಕಮ್ಮಿಯಾಗುತ್ತಿವೆ ಅಂತ 2008ರಲ್ಲಿ ಪ್ರಕಟವಾಯಿತು. ಪೊರೆ ಬಿಟ್ಟಾಗಲೆಲ್ಲ ಅದು ತನ್ನ ಮೈಯ ಕ್ಯಾಲ್ಸಿಯಂನಲ್ಲಿ ದೊಡ್ಡ ಪಾಲನ್ನು ಕಳೆದುಕೊಳ್ಳುತ್ತೆ, ಮತ್ತೆ ನೀರಿನಿಂದ ತುಂಬಿಕೊಳ್ಳಬೇಕು.

ಆಸ್ಟ್ರಕೋಡಿಗೂ ಡ್ಯಾಫ್ನಿಯಾಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಡ್ಯಾಫ್ನಿಯಾ ಮೊಟ್ಟೆ ಇಡುವ ವಯಸ್ಸಿಗೆ ಬಂದ ಮೇಲೂ ಪೊರೆ ಬಿಡುತ್ತಲೇ ಇರುತ್ತೆ, ಬೆಳೆಯುತ್ತಲೇ ಇರುತ್ತೆ. ಇನ್ನೊಂದು ನನಗೆ ತುಂಬಾ ಇಷ್ಟವಾದ ವಿಷಯ. ಸೊಳ್ಳೆ ಜಾತಿಗೆ ಹತ್ತಿರದ ಕಯೊಬೊರಸ್ ಅನ್ನುವ ಹುಳದ ಮರಿ ಚಿಕ್ಕ ಡ್ಯಾಫ್ನಿಯಾಗಳನ್ನು ಹಿಡಿದು ತಿನ್ನುತ್ತೆ. ಆ ಹುಳದ ವಾಸನೆ ನೀರಲ್ಲಿ ಇದ್ದರೆ ಡ್ಯಾಫ್ನಿಯಾ ಪ್ಯೂಲೆಕ್ಸ್ ಮರಿಗಳ ಕತ್ತಿನ ಹಿಂದೆ ಚಿಕ್ಕ ಮುಳ್ಳುಗಳು ಬರುತ್ತವೆ. ಮೊದಲ ಕೆಲವು ಹಂತದಲ್ಲಿ ಮಾತ್ರ. ದೊಡ್ಡದಾಗಿ ಆ ಹುಳದ ಬಾಯಿಗೆ ಹಿಡಿಸದಷ್ಟು ಆದ ಮೇಲೆ, ಮುಂದಿನ ಪೊರೆಯಲ್ಲಿ ಮುಳ್ಳು ಮಾಯ. ಪ್ರತಿ ಸಲ ಹೊಸ ಚಿಪ್ಪು ಕಟ್ಟುವುದರಿಂದಲೇ ಇದು ಸಾಧ್ಯ ಅಲ್ವಾ, ಆಯಾ ವಯಸ್ಸಿಗೆ ಬೇಕಾದ ಹಾಗೆ.

ಬೇಲೂರು ಗದ್ದೆ

ಅಳತೆ ಆಯಿತು. ನಮ್ಮ ಸ್ಕೂಲಿನ ಮೈಕ್ರೋಸ್ಕೋಪಿಗೆ ಅಳತೆಪಟ್ಟಿ ಇಲ್ಲ. ಮಕ್ಕಳೇ ದಾರಿ ಹುಡುಕಿದರು. ಪ್ಲಾಸ್ಟಿಕ್ ಸ್ಕೇಲಿನ ಒಂದು ಮಿಲಿಮೀಟರನ್ನು ಮೊದಲು ಫೋಟೋ ತೆಗೆದು, ಜೂಮ್ ಬದಲಾಯಿಸದೆ ಚಿಪ್ಪಿನ ಫೋಟೋ ತೆಗೆದು, ಎರಡನ್ನೂ ಹೋಲಿಸಿದರು. ಗುಂಪಿಗೆ ಹತ್ತು ಹತ್ತು ಚಿಪ್ಪು ಅಳೆದು ಸರಾಸರಿ ತೆಗೆದೆವು. ದೊಡ್ಡದರಿಂದ ಹೇಳುತ್ತೇನೆ: 1.90, 1.48, 1.18, 0.93, 0.75. ಎಲ್ಲಾ ಮಿಲಿಮೀಟರ್.

ಗಾಜಿನ ತೊಟ್ಟಿ

ಹಾಸನದಲ್ಲಿ ಮೀನು ಸಾಕುತ್ತೇನೆ, ತೊಟ್ಟಿಯಲ್ಲಿ ಇವು ತಾವಾಗಿಯೇ ಬರುತ್ತವೆ. ಕ್ಯಾಲ್ಕುಲೇಟರ್ ಹಿಡಿದು ನೋಡಿದೆ. 1.90 ಭಾಗಿಸು 1.48 ಅಂದರೆ 1.28. ಆಮೇಲೆ 1.25, 1.27, 1.24. ಎಲ್ಲಾ ಹೆಚ್ಚುಕಮ್ಮಿ ಒಂದೇ! ಇದು ಸುಮ್ನೆ ಬಂದದ್ದಲ್ಲ.

ಹಳೇ ಜರಡಿ

ಸುಮ್ಮನೆ ಬಂದದ್ದಲ್ಲ. ಇದಕ್ಕೆ ನೂರು ವರ್ಷಕ್ಕೂ ಮೀರಿದ ಇತಿಹಾಸ ಇದೆ. ಸಮುದ್ರದ ಅಧ್ಯಯನಕ್ಕೆ ಹೋಗಿದ್ದ ಚಾಲೆಂಜರ್ ಹಡಗು ತಂದ ಸ್ಟೊಮಟೊಪಾಡ್ (ಸಿಗಡಿಯಂಥ ಪ್ರಾಣಿ) ಮರಿಗಳನ್ನು ನೋಡಿ ಪ್ರಾಣಿವಿಜ್ಞಾನಿ ಬ್ರೂಕ್ಸ್ 1886ರಲ್ಲಿ ಬರೆದರು, ಒಂದೊಂದು ಹಂತಕ್ಕೂ ಉದ್ದ ಸುಮಾರು ಕಾಲು ಭಾಗ ಹೆಚ್ಚುತ್ತದೆ ಅಂತ. 1909ರಲ್ಲಿ ಫೌಲರ್ ಬಿಸ್ಕೇ ಕೊಲ್ಲಿಯ ಆಸ್ಟ್ರಕೋಡ್‌ಗಳಿಗೆ ಅದನ್ನು ಹಚ್ಚಿ ನೋಡಿ ಬ್ರೂಕ್ಸ್ ನಿಯಮ ಅಂತ ಹೆಸರಿಟ್ಟರು. 1912ರಲ್ಲಿ ವಿಯೆನ್ನಾದಲ್ಲಿ ಪ್ರಿಬ್ರಾಮ್ ಮತ್ತು ಮೆಗುಶಾರ್ ಮುಂಗಾಲು ಮಡಚಿ ಕೂರುವ ಮ್ಯಾಂಟಿಸ್ ಹುಳಗಳನ್ನು ಸಾಕಿ, ಒಂದು ಪೊರೆಗೆ ತೂಕ ಎರಡರಷ್ಟಾಗುತ್ತದೆ ಅಂದರು.

ಎರಡೂ ಒಂದೇ ಮಾತು. ಆಕಾರ ಅದೇ ಇದ್ದು ಘನಗಾತ್ರ ಎರಡರಷ್ಟಾದರೆ ಉದ್ದ 1.26 ಪಟ್ಟು ಆಗಬೇಕು, ಯಾಕೆಂದರೆ 1.26 × 1.26 × 1.26 ಅಂದರೆ ಸುಮಾರು 2. ಮೂರು ಪೊರೆಗೆ ಉದ್ದ ಇಮ್ಮಡಿ. ಮೇಡಂ, ನಿಮ್ಮ 1.48ರಿಂದ ಮೂರು ಹೆಜ್ಜೆ ಕೆಳಗೆ 0.75 ಇದೆ ನೋಡಿ. ಹೆಚ್ಚುಕಮ್ಮಿ ಅರ್ಧ. ಎಂಟು ಪೊರೆ ಲೆಕ್ಕ ಹಾಕಿದರೆ ಮೊಟ್ಟೆಯಿಂದ ಬಂದ ಮರಿಯ ಘನಗಾತ್ರಕ್ಕೆ ಬೆಳೆದದ್ದು 256ರಷ್ಟು. ಇದು ಕಲ್ಲಿನ ಮೇಲೆ ಕೆತ್ತಿದ ನಿಯಮ ಅಲ್ಲ. ಜಾತಿ, ಬಿಸಿ, ಊಟ ಇವೆಲ್ಲದರಿಂದ ಆಚೀಚೆ ಆಗುತ್ತದೆ. ಆದರೂ ಇಷ್ಟು ಸರಳವಾದ ಲೆಕ್ಕ ಗದ್ದೆಯ ಕೆಸರಲ್ಲಿ ಸಿಗುತ್ತದಲ್ಲ, ನನಗೆ ಇವತ್ತಿಗೂ ಮೈ ಜುಂ ಅನ್ನುತ್ತದೆ.

ಬೇಲೂರು ಗದ್ದೆ

ಹಾಗಾದರೆ ಐದೂ ಒಂದೇ ಜಾತಿ ಅಂತ ಬರೆಸಲಾ ಸರ್? ಮಕ್ಕಳು ಚಾರ್ಟ್ ಕೂಡ ಶುರು ಮಾಡಿಬಿಟ್ಟಿದ್ದಾರೆ.

ಹಳೇ ಜರಡಿ

ಚಾರ್ಟಿನ ಮೇಲಿನ ತುದಿ ಖಾಲಿ ಬಿಡಲು ಹೇಳಿ. 1.90ರದ್ದು ನನಗೆ ಸಂದೇಹ. ಲೆಕ್ಕ ಕೂಡಿಬಂತು ಅಂತ ಒಪ್ಪಿಕೊಳ್ಳುವುದು ಬೇಡ. ಅದರ ಎತ್ತರ ಎಷ್ಟು? ಹಾಗೆಯೇ 1.48ರದ್ದರ ಒಳಗಡೆ ಏನಿದೆ ಅಂತ ನೋಡಿ. ಜೀವಂತ ಇರುವುದನ್ನು ಒಂದು ಹನಿ ನೀರಲ್ಲಿ ಇಟ್ಟು ಕೆಳಗಿನಿಂದ ಬೆಳಕು ಬಿಡಿ. ಖಾಲಿ ಹೋಳು ಇದ್ದರೆ ಒಳಗಿನ ಫಾಲ್ ಪಟ್ಟಿ ಎಷ್ಟು ಅಗಲ ಇದೆ ನೋಡಿ.

ಕಡೂರು ಬಯಲು

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ಕಡೆ ಮಳೆ ಬಿದ್ದಾಗ ಮಾತ್ರ ನೀರು ನಿಲ್ಲುವ ಗುಂಡಿಯಲ್ಲಿ ಇದೇ ತರದ ಎರಡು ಹೋಳಿನ ಪ್ರಾಣಿ ಸಿಕ್ಕಿತು. ಆದರೆ ದೊಡ್ಡದು, ಉಗುರಿನ ಅರ್ಧ ಇರಬಹುದು. ಚಿಪ್ಪಿನ ಮೇಲೆ ಮರದ ತುಂಡಿನಲ್ಲಿ ಇರುತ್ತಲ್ಲ ಆ ತರ ಗೆರೆಗಳು. ಒಂದರ ಹೊರಗೆ ಒಂದು. ಪೊರೆ ಬಿಡುತ್ತೆ ಅಂದರೆ ಗೆರೆ ಹೇಗೆ ಉಳಿಯಿತು?

ಚಿಕ್ಕಮಗಳೂರು ಎಂಎಸ್ಸಿ

ಅಣ್ಣ, ನಿಮಗೆ ಸಿಕ್ಕಿದ್ದು ಕ್ಲಾಮ್ ಶ್ರಿಂಪ್. ಆಸ್ಟ್ರಕೋಡ್ ಅಲ್ಲ. ಅದೂ ಪೊರೆ ಬಿಡುತ್ತೆ, ಆದರೆ ಮೈಯ ಪೊರೆಯನ್ನು ಮಾತ್ರ. ಚಿಪ್ಪಿನ ಹೊರಪದರವನ್ನು ಕಳಚುವುದಿಲ್ಲ. ಹಳೆಯದರ ಕೆಳಗೆ ಸ್ವಲ್ಪ ದೊಡ್ಡದಾದ ಹೊಸದು ಕೂಡಿಕೊಳ್ಳುತ್ತೆ, ಹೊಸದರ ಅಂಚು ಹೊರಗೆ ಚಾಚುತ್ತೆ. ಅದೇ ಒಂದು ಗೆರೆ. ಹಾಗಾಗಿ ಮರಿ ಇದ್ದಾಗಿನ ಚಿಪ್ಪು ಕೂಡ ಬೆನ್ನಿನ ಹತ್ತಿರ ಇನ್ನೂ ಇರುತ್ತೆ. ಒಂದೇ ಕ್ಲಾಮ್ ಶ್ರಿಂಪಿನ ಮೇಲೆ ಅದರ ಇಡೀ ಬಾಲ್ಯ ನೋಡಬಹುದು. ಆಸ್ಟ್ರಕೋಡಿನ ಬಾಲ್ಯ ನೋಡಬೇಕು ಅಂದರೆ ಕೆಸರಲ್ಲಿ ಬಿದ್ದಿರುವ ಹಳೇ ಹೋಳುಗಳನ್ನು ಹುಡುಕಬೇಕು.

ಒಣಗಿದ ಗುಂಡಿಯ ಮಣ್ಣನ್ನು ಒಂದು ಡಬ್ಬದಲ್ಲಿ ಎತ್ತಿಟ್ಟಿರಿ. ಇವುಗಳ ಮೊಟ್ಟೆ ಒಣಗಿದರೂ ಸಾಯುವುದಿಲ್ಲ. ಮಳೆನೀರು ಹಾಕಿದರೆ ಮರಿ ಆಗುತ್ತವೆ. ಗದ್ದೆಯ ಆಸ್ಟ್ರಕೋಡ್‌ಗಳಲ್ಲೂ ಎಷ್ಟೋ ಜಾತಿಗಳ ಮೊಟ್ಟೆ ಹೀಗೇ ಬೇಸಿಗೆ ಕಳೆಯುತ್ತೆ.

ಹಳ್ಳದ ಗದ್ದೆ

ನನ್ನದು ರೈತನ ಪ್ರಶ್ನೆ. ನಮ್ಮ ಗದ್ದೆಯಲ್ಲೂ ನೋಡಿದೆ. ಚಿಕ್ಕ ಚಿಕ್ಕ ಖಾಲಿ ಚಿಪ್ಪು ಲೆಕ್ಕವಿಲ್ಲದಷ್ಟು. ಪಕ್ಕದ ಗದ್ದೆಯವರು ಔಷಧಿ ಹೊಡೆದು ಹತ್ತು ದಿನ ಆಗಿದೆ. ಮರಿಗಳೆಲ್ಲ ಸತ್ತವು ಅಂತ ಹೊಟ್ಟೆ ಉರಿಯಿತು.

ಹಳೇ ಜರಡಿ

ಖಾಲಿ ಚಿಪ್ಪು ಅಂದರೆ ಹೆಣ ಅಂತಲ್ಲ. ಒಂದು ಆಸ್ಟ್ರಕೋಡ್ ಪೂರ್ತಿ ಬಾಳಿ ಸತ್ತರೆ ಹಿಂದೆ ಬಿಟ್ಟು ಹೋಗುವುದು ಒಂಬತ್ತು ಜೊತೆ, ಅಂದರೆ ಹದಿನೆಂಟು ಹೋಳು. ಅದರಲ್ಲಿ ಹದಿನಾರು ಮರಿಯ ಕಾಲದವು, ಸುಮ್ಮನೆ ಬಿಟ್ಟ ಬಟ್ಟೆ. ಹಾಗಾಗಿ ಆರೋಗ್ಯವಾಗಿರುವ ಗದ್ದೆಯಲ್ಲೇ ಚಿಕ್ಕ ಖಾಲಿ ಚಿಪ್ಪು ಜಾಸ್ತಿ ಇರಬೇಕು. ಔಷಧಿಯಿಂದ ಏನೂ ಆಗಿಲ್ಲ ಅಂತ ನಾನು ಹೇಳುತ್ತಿಲ್ಲ. ಅದನ್ನು ಖಾಲಿ ಚಿಪ್ಪಿನಿಂದ ಹೇಳುವುದಕ್ಕೆ ಆಗುವುದಿಲ್ಲ. ಒಂದು ಲೋಟ ನೀರಲ್ಲಿ ಜೀವಂತ ಓಡಾಡುವವು ಎಷ್ಟಿವೆ, ಚಿಕ್ಕವೂ ದೊಡ್ಡವೂ ಎರಡೂ ಇವೆಯಾ, ಅದನ್ನು ಎಣಿಸಿ.

ನಮ್ಮ ಕೆಲಸದಲ್ಲಿ ಇದೇ ಲೆಕ್ಕ ತುಂಬಾ ಉಪಯೋಗಕ್ಕೆ ಬರುತ್ತಿತ್ತು. ಹಳೇ ಕೆರೆಯ ಮಣ್ಣಿನ ಒಂದು ಪದರದಲ್ಲಿ ದೊಡ್ಡದು ಚಿಕ್ಕದು ಎಲ್ಲಾ ಹಂತ ಕೂಡಿ ಸಿಕ್ಕರೆ ಅವು ಅಲ್ಲೇ ಬಾಳಿದ್ದವು. ಒಂದೇ ಗಾತ್ರದವು ಮಾತ್ರ ಸಿಕ್ಕರೆ ನೀರು ಎಲ್ಲಿಂದಲೋ ಹೊತ್ತು ತಂದು ಕೇರಿ ಹಾಕಿದೆ ಅಂತ ಅರ್ಥ. ಮೊರದಲ್ಲಿ ಕೇರಿದರೆ ಜೊಳ್ಳು ಒಂದು ಕಡೆ ಕಾಳು ಒಂದು ಕಡೆ ಆಗುತ್ತಲ್ಲ, ಹರಿಯುವ ನೀರೂ ಅದನ್ನೇ ಮಾಡುತ್ತದೆ.

ಅದಕ್ಕೇ ಮೇಡಂ, ಟೀ ಜರಡಿ ಬಿಟ್ಟುಬಿಡಿ. ಅದರ ಕಣ್ಣಿನಿಂದ ಸುಮಾರು 0.6 ಮಿಲಿಮೀಟರಿಗಿಂತ ಚಿಕ್ಕವೆಲ್ಲ ನುಸುಳಿ ಹೋಗಿರುತ್ತವೆ. ನಿಮಗೆ ಐದೇ ಗುಂಪು ಸಿಕ್ಕಿದ್ದು ಅದಕ್ಕೇ. ಔಷಧಿ ಪುಡಿ ವಸ್ತ್ರಗಾಳಿ ಹಿಡಿಯುವ ತೆಳು ಬಟ್ಟೆ ತಗೊಳ್ಳಿ.

ಅರಸೀಕೆರೆ ಬೋರ್‌ವೆಲ್

ಸರ್, ನಮ್ಮ ಹಾಸನದ ಕಲ್ಲುಗಳಲ್ಲಿ ಇವುಗಳ ಪಳೆಯುಳಿಕೆ ಸಿಗುತ್ತಾ?

ಹಳೇ ಜರಡಿ

ಇಲ್ಲ. ಹೊಳೆನರಸೀಪುರದ ಕಡೆಯ ಕಲ್ಲಾಗಲಿ ಬಾಬಾಬುಡನ್‌ಗಿರಿಯ ಕಬ್ಬಿಣದ ಕಲ್ಲಾಗಲಿ 250 ಕೋಟಿ ವರ್ಷಕ್ಕಿಂತ ಹಿಂದಿನವು. ಆಗ ಪ್ರಾಣಿಗಳೇ ಇರಲಿಲ್ಲ. ರಾಜ್ಯದೊಳಗೆ ಬೇಕಾದರೆ ಗುರುಮಠಕಲ್ ಕಡೆ ನೋಡಬೇಕು. ಅಲ್ಲಿ ದಖ್ಖನ್ ಲಾವಾ ಹರಿವುಗಳ ನಡುವೆ ಸಿಕ್ಕಿಹಾಕಿಕೊಂಡ ಕೆರೆಯ ಮಣ್ಣಿನಲ್ಲಿ ಸಿಹಿನೀರಿನ ಆಸ್ಟ್ರಕೋಡ್‌ಗಳು ಸಿಕ್ಕಿವೆ, ಸುಮಾರು 6.6 ಕೋಟಿ ವರ್ಷದ ಆಸುಪಾಸಿನವು. ನಮ್ಮಲ್ಲಿ ಹಳೇಬೀಡಿನ ದ್ವಾರಸಮುದ್ರ, ಸಖರಾಯಪಟ್ಟಣದ ಅಯ್ಯನಕೆರೆ ಇಂಥ ಹಳೇ ಕೆರೆಗಳ ಹೂಳಿನಲ್ಲಿ ಹುಡುಕುವುದಾದರೆ ಅದು ಬೇರೆ ಮಾತು.

ಹೂಳಿನ ಚಿಪ್ಪುಗಳ ಸುಣ್ಣದಲ್ಲಿ ಮೆಗ್ನೀಸಿಯಂ, ಸ್ಟ್ರಾಂಷಿಯಂ ಎಷ್ಟಿದೆ ಅಂತ ಅಳೆದು ಆಗಿನ ನೀರಿನ ಉಪ್ಪು, ಬಿಸಿ ಊಹಿಸುತ್ತಾರೆ. ಒಂದು ಚಿಪ್ಪು ಕೆಲವೇ ದಿನದಲ್ಲಿ ಕಟ್ಟಿದ್ದು, ಹಾಗಾಗಿ ಅದು ಆ ಕೆಲವು ದಿನಗಳ ನೀರಿನ ಕತೆ ಮಾತ್ರ ಹೇಳುತ್ತದೆ. ಅಲ್ಲೂ ಬೆಳೆದವನ್ನೇ ಆರಿಸುತ್ತೇವೆ. ಸುಣ್ಣ ಕೂರಲು ಶುರುವಾದಾಗ ಮೆಗ್ನೀಸಿಯಂ ಪಾಲು ಜಾಸ್ತಿ, ಆಮೇಲೆ ಇಳಿಯುತ್ತದೆ. ಅರ್ಧ ಕಟ್ಟಿದ ಚಿಪ್ಪು ತಗೊಂಡರೆ ಲೆಕ್ಕ ದಾರಿ ತಪ್ಪುತ್ತದೆ.

ಚಿಕ್ಕಮಗಳೂರು ಎಂಎಸ್ಸಿ

ಸಂಗ್ರಹದ ಬಗ್ಗೆ ಒಂದು ಕಹಿ ಅನುಭವ ಹೇಳಲೇಬೇಕು, ಬೇರೆ ಯಾರಿಗೂ ಹೀಗಾಗಬಾರದು. ಡಿಗ್ರಿಯಲ್ಲಿದ್ದಾಗ ನಾನು ಯಗಚಿ ಹಿನ್ನೀರಿನಿಂದ ಎರಡು ತಿಂಗಳು ಭಾನುವಾರ ಭಾನುವಾರ ಹೋಗಿ ಆಸ್ಟ್ರಕೋಡ್ ಕೂಡಿಟ್ಟಿದ್ದೆ. ಆಗ ನಾನಿದ್ದ ಕಾಲೇಜಿನ ಲ್ಯಾಬಿನಲ್ಲಿ ಸಂಗ್ರಹ ಕೊಳೆಯದಿರಲಿ ಅಂತ ಎಲ್ಲದಕ್ಕೂ ಒಂದೇ ಫಾರ್ಮಲಿನ್ ಸುರಿಯುವುದು ರೂಢಿ. ನನ್ನ ಸೀಸೆಗಳಿಗೂ ಸುರಿದರು. ಪರೀಕ್ಷೆ ಮುಗಿಸಿ ಬಂದು ನೋಡಿದರೆ ಒಂದೊಂದು ಪ್ರಾಣಿಯೂ ಮೆತ್ತನೆ ಚೀಲ. ಚಿಪ್ಪಿನ ಆಕಾರ ಇದೆ, ಸೂಜಿ ತಾಗಿಸಿದರೆ ಮಡಚಿಕೊಳ್ಳುತ್ತೆ. ಫಾರ್ಮಲಿನ್ ದಿನ ಕಳೆದ ಹಾಗೆ ಹುಳಿಯಾಗುತ್ತೆ, ಸುಣ್ಣವನ್ನೆಲ್ಲ ಕರಗಿಸಿಬಿಟ್ಟಿತ್ತು. ಯಾರೂ ಬೇಕೆಂದು ಮಾಡಿದ್ದಲ್ಲ. ಆದರೆ ಆ ದಿನ ಬಸ್ಸಿನಲ್ಲಿ ಇಡೀ ದಾರಿ ಅತ್ತಿದ್ದೇನೆ. ಚಿಪ್ಪು ಬೇಕು ಅಂದರೆ ಆಲ್ಕೋಹಾಲಿನಲ್ಲಿ ಇಡಿ, ಖಾಲಿ ಹೋಳಾದರೆ ಒಣಗಿಸಿಯೇ ಇಡಿ.

ಮಕ್ಕಳಿಗೆ ಇದನ್ನೇ ಪ್ರಯೋಗವಾಗಿ ತೋರಿಸಬಹುದು ಮೇಡಂ. ಒಂದು ಖಾಲಿ ಹೋಳಿನ ಮೇಲೆ ಒಂದು ಹನಿ ವಿನೆಗರ್. ಚಿಕ್ಕ ಚಿಕ್ಕ ಗುಳ್ಳೆ ಏಳುತ್ತೆ. ಗುಳ್ಳೆ ನಿಂತ ಮೇಲೆ ಅದೇ ಆಕಾರದ, ಗಾಜಿನಷ್ಟು ತಿಳಿಯಾದ ಪೊರೆ ಉಳಿಯುತ್ತೆ. ಸರ್ ಹೇಳಿದ ಕೈಟಿನ್ ಬಲೆ ಅದು.

ಹಳೇ ಜರಡಿ

ಮಗಳೇ, ನಿನ್ನ ಸಂಕಟ ಅರ್ಥವಾಗುತ್ತದೆ. ಆ ಸೀಸೆಗಳನ್ನು ಬಿಸಾಕಿಲ್ಲ ತಾನೆ? ಸುಣ್ಣ ಹೋದರೂ ಕಾಲುಗಳು ಉಳಿದಿರುತ್ತವೆ. ಜಾತಿ ಗುರುತಿಸುವುದು ಬೆಳೆದದ್ದರ ಕಾಲು, ಮೀಸೆಯಂಥ ಕೊಂಬು ಬಿಡಿಸಿ ನೋಡಿಯೇ. ನಿನ್ನ ಎರಡು ತಿಂಗಳು ವ್ಯರ್ಥ ಆಗಿಲ್ಲ.

ಬಲೆ ಅಂದದ್ದಕ್ಕೆ ನೆನಪಾಯಿತು. ಸಮುದ್ರದ ಕೆಲವು ಆಸ್ಟ್ರಕೋಡ್‌ಗಳ ಚಿಪ್ಪಿನ ಮೇಲೆ ಜೇನುಗೂಡಿನ ಹಾಗೆ ಕಣ್ಣು ಕಣ್ಣಾದ ಕೆತ್ತನೆ ಇರುತ್ತದೆ. ಒಂದೊಂದು ಕಣ್ಣೂ ಅದರ ಕೆಳಗಿನ ಚರ್ಮದ ಒಂದೊಂದು ಜೀವಕೋಶಕ್ಕೆ ಹೊಂದುತ್ತದೆ ಅಂತ ಜಪಾನಿನ ಒಕಾಡ 1981ರಲ್ಲಿ ತೋರಿಸಿದರು. ಪೊರೆ ಬಿಡುವಾಗ ಜೀವಕೋಶ ಒಡೆದು ಎರಡಾದರೆ ಚಿಪ್ಪಿನ ಮೇಲಿನ ಕಣ್ಣೂ ಎರಡಾಗುತ್ತದೆ. ಅಂಥವುಗಳಲ್ಲಿ ಕೆಲವಕ್ಕೆ ಬೆನ್ನಿನ ಕೀಲು ಕೂಡ ಮರಿಯಲ್ಲಿ ಸಾದಾ ಗೆರೆ, ಬೆಳೆದ ಮೇಲೆ ಹಲ್ಲು ಮತ್ತು ಗುಳಿ ಇರುವ ಗಟ್ಟಿ ಕೀಲು. ನಮ್ಮ ಗದ್ದೆಯವಕ್ಕೆ ಕೀಲು ಕೊನೆಯವರೆಗೂ ಸರಳವೇ.

ಬೇಲೂರು ಗದ್ದೆ

ಸರ್, ನೋಡಿದೆವು. ನಿಮ್ಮ ಸಂದೇಹ ಸರಿ.

1.90 ಇದ್ದದ್ದು ಜೀರಿಗೆಯ ಹಾಗೆ ಉದ್ದ, ಸಪೂರ. ಎತ್ತರ ಉದ್ದದ ಅರ್ಧಕ್ಕಿಂತ ಎಷ್ಟೋ ಕಮ್ಮಿ. 1.48ರದ್ದು ಎತ್ತರ ಅರ್ಧಕ್ಕಿಂತ ಜಾಸ್ತಿ, ಹೊಟ್ಟೆ ತುಂಬಿಕೊಂಡ ಹಾಗೆ. ಬೆಳಕು ಬಿಟ್ಟು ನೋಡಿದಾಗ ಒಬ್ಬ ಹುಡುಗಿ ಕೂಗಿದಳು, ಮಿಸ್ ಇದರೊಳಗೆ ಕಿತ್ತಳೆ ಬಣ್ಣದ ಗುಂಡು ಇವೆ ಅಂತ. ಮೊಟ್ಟೆಗಳು! ಚಿಪ್ಪಿನ ಹಿಂಭಾಗದಲ್ಲಿ ಒತ್ತಾಗಿ ಕೂತಿದ್ದವು. ಖಾಲಿ ಹೋಳಿನ ಒಳಗೆ ಮುಂದಿನ ಅಂಚಿನಲ್ಲಿ ಫಾಲ್ ಚೆನ್ನಾಗಿ ಅಗಲವಾಗಿ ಕಾಣುತ್ತೆ, 1.18ರದ್ದರಲ್ಲಿ ಬರೀ ನೂಲೆಳೆ.

ಅಂದರೆ 1.48 ಈಗಾಗಲೇ ಬೆಳೆದದ್ದು. ಅದು ಇನ್ನು 1.90 ಆಗುವ ಮಾತೇ ಇಲ್ಲ. ಐದೂ ಅಲ್ಲ, ಒಂದೂ ಅಲ್ಲ, ಎರಡು ಜಾತಿ. ಸರಿಯಾ?

ಹಳೇ ಜರಡಿ

ಸರಿ. ಆ ಹುಡುಗಿಗೆ ನನ್ನ ಕಡೆಯಿಂದ ಶಭಾಷ್ ಹೇಳಿ. ಜೀರಿಗೆಯ ಹಾಗಿರುವುದು ಸ್ಟೆನೊಸಿಪ್ರಿಸ್ ಅನ್ನುವ ಆಸ್ಟ್ರಕೋಡ್ ಇರಬಹುದು, ನಮ್ಮ ದೇಶದ ಗದ್ದೆಗಳಲ್ಲಿ ಸಾಮಾನ್ಯ. ಕಾಲು ನೋಡದೆ ಖಚಿತ ಹೇಳುವುದಿಲ್ಲ. ಅದರ ಮರಿಗಳೂ ಅಲ್ಲೇ ಇರಬೇಕು, ಸಪೂರ ಚಿಪ್ಪಿನ ಚಿಕ್ಕವನ್ನು ಬೇರೆ ಆರಿಸಿ ಅಳೆಯಿರಿ. 1.90 ಬೆಳೆದದ್ದೇ ಆಗಿದ್ದರೆ 1.51ರ ಆಸುಪಾಸು ಒಂದು, 1.20ರ ಆಸುಪಾಸು ಒಂದು ಸಿಗಬೇಕು. ಇನ್ನೊಂದರ ಗುಂಪಿನ ಜೊತೆ ಉದ್ದದಲ್ಲಿ ಬೆರೆತುಹೋಗುತ್ತವೆ, ಹಾಗಾಗಿ ಎತ್ತರವನ್ನೂ ಬರೆದುಕೊಳ್ಳಿ.

ಆಮೇಲೆ 1.18ರದ್ದು ಒಂದನ್ನು ಜೀವಂತ ಹಿಡಿದು ಚಿಕ್ಕ ಸೀಸೆಯಲ್ಲಿ ಒಂಟಿಯಾಗಿ ಸಾಕಿ. ಗದ್ದೆಯದ್ದೇ ನೀರು, ಸ್ವಲ್ಪ ಪಾಚಿ. ಬಿಸಿಲಿಗೆ ಇಡಬೇಡಿ.

ಸಕಲೇಶಪುರ ತೋಟ

ನಾನೂ ಎರಡು ಸೀಸೆ ಇಡುತ್ತೇನೆ. ಒಂದರಲ್ಲಿ ತೊಟ್ಟಿಯ ನೀರು ಹಾಗೇ, ಇನ್ನೊಂದರಲ್ಲಿ ಸ್ವಲ್ಪ ಸೀಮೆಸುಣ್ಣ ಹಾಕಿ ನೋಡುತ್ತೇನೆ.

ಗಾಜಿನ ತೊಟ್ಟಿ

ಬೋರ್ಡ್ ಮೇಲೆ ಬರೆಯುವ ಸೀಮೆಸುಣ್ಣ ಬೇಡ ಅಣ್ಣ. ಎಷ್ಟೋ ಕಂಪನಿಯವು ಈಗ ಜಿಪ್ಸಂನಲ್ಲಿ ಮಾಡಿದವು. ಮೊಟ್ಟೆಯ ಓಡು ತೊಳೆದು ಒಣಗಿಸಿ ಪುಡಿ ಮಾಡಿ ಹಾಕಿ. ಎಲೆ ಅಡಿಕೆಯ ಸುಣ್ಣವೂ ಬೇಡ, ನೀರು ಕ್ಷಾರವಾಗಿ ಎಲ್ಲಾ ಸತ್ತು ಹೋಗುತ್ತವೆ. ಎರಡೂ ಸೀಸೆಗೆ ಒಂದೇ ಗಾತ್ರದ ಮರಿ ಹಾಕುವುದನ್ನು ಮರೆಯಬೇಡಿ.

ಬೇಲೂರು ಗದ್ದೆ

ಒಂಬತ್ತು ದಿನದ ಮೇಲೆ ಬರೆಯುತ್ತಿದ್ದೇನೆ. ಮೂರು ಸೀಸೆ ಇಟ್ಟಿದ್ದೆವು. ಒಂದರದ್ದು ಸತ್ತಿತು. ಇನ್ನೊಂದು ಹಾಗೇ ಇದೆ. ಮೂರನೆಯದು ನಿನ್ನೆ ಸಂಜೆ ಓಡಾಟ ನಿಲ್ಲಿಸಿ ಪಾಚಿಯ ಎಳೆಗೆ ಅಂಟಿ ಕೂತಿತ್ತು, ಅದೂ ಹೋಯಿತು ಅಂದುಕೊಂಡು ಮನೆಗೆ ಹೋದೆ.

ಇವತ್ತು ಬೆಳಿಗ್ಗೆ ಪ್ರಾರ್ಥನೆಗೂ ಮುಂಚೆ ನೋಡಿದೆ. ಪಾಚಿಯ ಬುಡದಲ್ಲಿ ಎರಡು ಹೋಳು ಬಾಯಿ ತೆರೆದ ಪುಸ್ತಕದ ಹಾಗೆ ಬಿದ್ದಿವೆ. ಪಕ್ಕದಲ್ಲಿ ನಮ್ಮ ಪ್ರಾಣಿ. ನಿನ್ನೆ ಕಂದು ಹಸಿರು ಇದ್ದದ್ದು ಇವತ್ತು ಗಂಜಿ ತಿಳಿಯ ಹಾಗೆ ತೆಳು, ಒಳಗಿನ ಕಾಲು ಅಲ್ಲಾಡುವುದು ಚಿಪ್ಪಿನ ಮೂಲಕವೇ ಕಾಣುತ್ತಿತ್ತು. ಮುಟ್ಟಲಿಲ್ಲ. ಮಧ್ಯಾಹ್ನ ಊಟದ ಬಿಡುವಿನಲ್ಲಿ ನೋಡುವಾಗ ಸ್ವಲ್ಪ ಮಬ್ಬಾಗಿತ್ತು, ಸಂಜೆ ಬೆಲ್ ಹೊಡೆಯುವ ಹೊತ್ತಿಗೆ ಬೆನ್ನಿನ ಕಡೆ ಬೆಳ್ಳಗೆ ಹೊಳಪು ಬಂದಿತ್ತು. ಒಂದೇ ದಿನದಲ್ಲಿ, ನಾವು ನೋಡನೋಡುತ್ತಲೇ, ಆ ಸೀಸೆಯ ನೀರಿನಿಂದ.

ಮಕ್ಕಳು ಬಿಟ್ಟ ಹೋಳನ್ನು ಅಳೆದರು, 1.18. ಪ್ರಾಣಿಯನ್ನು ಗಾಜಿನ ಗೋಡೆಗೆ ಬಂದಾಗ ಫೋಟೋ ತೆಗೆದು ಅಳೆದರು, 1.47. ಚಾರ್ಟಿನಲ್ಲಿ ಎರಡು ಗುಂಪಿನ ನಡುವೆ ಪೆನ್ಸಿಲಿನಲ್ಲಿ ಹಾಕಿದ್ದ ಬಾಣದ ಗುರುತಿನ ಮೇಲೆ ಈಗ ಸ್ಕೆಚ್ ಪೆನ್ನಿನಲ್ಲಿ ತಿದ್ದುತ್ತಿದ್ದಾರೆ.